ಅಕ್ಕನ ರೊಟ್ಟಿ, ಮಗಳ ಟರ್ಕಿ ಉಂಡೆ

ಟರ್ಕಿ ಕೋಳಿಯ ಖೀಮಾ ಅರ್ಧ ಕಿಲೋ, ಒಂದು ತತ್ತಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ತುರಿದ ಗಜ್ಜರಿ, ಕೊತ್ತಂಬರಿ, ಉಪ್ಪು, ಮತ್ತೆ ಎರಡು ಹಿಡಿ ಖಡಕ್ ರೊಟ್ಟಿಯ ಪುಡಿ. ಇಷ್ಟೇ. ಕಲಸಿ ಉಂಡೆ ಕಟ್ಟಿ, ಪಡ್ಡಿನ ಹಂಚಿನ ಕುಳಿಗೊಂದರಂತೆ ಇಟ್ಟು, ಹನಿ ಹನಿ ಎಣ್ಣೆ ಬಿಟ್ಟು ಮುಚ್ಚಿದರೆ ಅರ್ಧ ತಾಸಿನಲ್ಲಿ ಊಟ ತಯಾರು. ದುಡಿದು ದಣಿದ ವಾರದ ದಿನಕ್ಕೆ ಇದಕ್ಕಿಂತ ಸಲೀಸಾದ ಅಡಿಗೆ ನನಗೆ ಗೊತ್ತಿಲ್ಲ. ಇಂಥ ಅಡಿಗೆಯಲ್ಲೇ ನನ್ನವರು ನನಗೆ ಮೋಸ ಮಾಡಿದರು ಅಂದರೆ ನೀವು ನಗಬಹುದು. ನಗ್ರಿ. ಬೇರೆಯವರ ಮನೆಯಲ್ಲಿ ಆಗಿದ್ದರೆ ನಾನೂ ನಗುತ್ತಿದ್ದೆ.

ನಾನು ವಾಶಿಯ ಉಳ್ಳಾಗಡ್ಡಿ ಮಾರ್ಕೆಟ್ಟಿನಲ್ಲಿ ತೂಕದ ಗುಮಾಸ್ತ. ನಸುಕಿನಲ್ಲಿ ಹೋಗಿ ಮಧ್ಯಾಹ್ನ ಕೋಪರಖೈರಣೆಯ ಮನೆಗೆ ಬರುತ್ತೇನೆ. ಹೆಂಡತಿಗೆ ಐರೋಲಿಯ ಆಫೀಸಿನಲ್ಲಿ ಮಧ್ಯಾಹ್ನದ ಪಾಳಿ, ಆಕೆ ಮನೆ ಮುಟ್ಟುವಾಗ ಒಂಬತ್ತು ದಾಟಿರುತ್ತದೆ. ಹೀಗಾಗಿ ಸಂಜೆಯ ಒಲೆ ನನ್ನದು. ಇರುವವಳು ಒಬ್ಬಳೇ ಮಗಳು, ಏಳನೇ ಇಯತ್ತೆ. ಕನ್ನಡ ಎಲ್ಲಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಎರಡು ವರ್ಷದ ಹಿಂದೆ ಆಕೆಗೆ ಹೊಟ್ಟೆ ಕಚ್ಚಿಕೊಂಡಿತು. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಮುಖ ಬಿಳಚಿಕೊಂಡಿತ್ತು, ಎರಡು ಮಹಡಿ ಹತ್ತುವುದರೊಳಗೆ ಕೂತುಬಿಡುತ್ತಿದ್ದಳು. ದೃಷ್ಟಿ ತೆಗೆದದ್ದಾಯಿತು, ಜಂತಿನ ಔಷಧ ಕುಡಿಸಿದ್ದಾಯಿತು. ಕೊನೆಗೆ ದೊಡ್ಡ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ ಹೇಳಿದರು: ಈ ಹುಡುಗಿಗೆ ಗೋಧಿ ಆಗುವುದಿಲ್ಲ. ಗೋಧಿಯೊಳಗಿನ ಗ್ಲುಟೆನ್ ಅನ್ನುವುದು ಆಕೆಯ ಕರುಳನ್ನು ಒಳಗಿನಿಂದ ಸವೆಸುತ್ತದೆ. ಚಪಾತಿ ಬಂದ್, ಪಾವ್ ಬಂದ್, ಬಿಸ್ಕತ್ತು ಬಂದ್. ಒಂದು ಚೂರೂ ಹೋಗಕೂಡದು, ಜೀವನಪರ್ಯಂತ.

ನನಗೆ ಮೊದಲು ನಗು ಬಂತು, ಸುಳ್ಳು ಯಾಕೆ ಹೇಳಲಿ. ನಾವು ವಿಜಯಪುರದ ಕಡೆಯವರು, ಜೋಳದ ಮಂದಿ. ಗೋಧಿ ಬಿಡು ಅಂದರೆ ನಮಗೇನು ಕಷ್ಟ! ಮನೆಯಿಂದ ಹಿಟ್ಟಿನ ಡಬ್ಬಿ ಹೊರಗೆ ಹೋಯಿತು. ಪುಡಿ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ತಿಳಿದು ಅದನ್ನೂ ಎಸೆದೆ. ಆದರೆ ಬೆಳೆಯುವ ಹುಡುಗಿಗೆ ರೊಟ್ಟಿ ಪಲ್ಯ ಸಾಕೇನು? ಗೆಳತಿಯರೆಲ್ಲ ಸ್ಟೇಷನ್ ಹೊರಗಿನ ಗಾಡಿಯಲ್ಲಿ ಮಂಚೂರಿಯನ್ ತಿನ್ನುವಾಗ ಈಕೆ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳಂತೆ. ಮೈದಾ ಇರುತ್ತದೆ, ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ, ಮುಟ್ಟುವ ಹಾಗಿಲ್ಲ. ಅದನ್ನು ಒಂದು ದಿನ ತಾನಾಗಿ ಹೇಳಿದಳು.

ಅದೇ ವಾರ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ದೇಶದ ಹೆಂಗಸು ಟರ್ಕಿ ಮಾಂಸದ ಉಂಡೆ ಮಾಡುತ್ತಿದ್ದಳು. ಕೊಬ್ಬು ಕಡಿಮೆ, ಶಕ್ತಿ ಜಾಸ್ತಿ, ಗ್ಲುಟೆನ್ ಇಲ್ಲ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನೋಡಲಿಕ್ಕೆ ಥೇಟ್ ಮಂಚೂರಿಯನ್. "ಪಪ್ಪಾ, ಯೇ ಚಲೇಗಾ ನಾ?" ಅಂತ ಕೇಳಿದಳು. ನಡೆಯುತ್ತದೆ ಅಂದೆ. ಕಲ್ಯಾಣದ ಆಚೆ ಟರ್ಕಿ ಕೋಳಿ ಸಾಕುವವನೊಬ್ಬ ವಾರಕ್ಕೊಮ್ಮೆ ವಾಶಿಗೆ ಬರುತ್ತಾನೆ ಅಂತ ಮಾರ್ಕೆಟ್ಟಿನಲ್ಲಿ ಕೇಳಿದ್ದೆ. ಅವನನ್ನು ಹಿಡಿದು ಎದೆ ಮಾಂಸ ತಂದು, ಮನೆಯಲ್ಲೇ ಖೀಮಾ ಹೊಡೆದೆ.

ಆದರೆ ಟರ್ಕಿ ಮಾಂಸದಲ್ಲಿ ಜಿಡ್ಡು ಕಡಿಮೆ. ಅದನ್ನು ಹಿಡಿದಿಡಲು ಏನಾದರೂ ಬೇಕು. ವಿಡಿಯೋದ ಹೆಂಗಸು ಗೋಧಿಯಿಲ್ಲದ ಯಾವುದೋ ಬ್ರೆಡ್ಡಿನ ಪುಡಿ ಹಾಕಿದ್ದಳು, ಅದರ ಬೆಲೆ ನೋಡಿದರೆ ಆ ಕೋಳಿಯನ್ನೇ ಇನ್ನೊಂದು ತರಬಹುದಿತ್ತು. ಆಗ ನನಗೆ ಹೊಳೆದದ್ದು ಅಕ್ಕನ ಖಡಕ್ ರೊಟ್ಟಿ. ಎಳ್ಳು ಹಚ್ಚಿದ, ಹಪ್ಪಳದ ಹಾಗೆ ಮುರಿಯುವ ಜೋಳದ ರೊಟ್ಟಿ. ಮಿಕ್ಸರಿಗೆ ಹಾಕಿ ಎರಡು ಸುತ್ತು ತಿರುಗಿಸಿದರೆ ಒಳ್ಳೇ ತರಿತರಿ ಪುಡಿ. ಉಂಡೆ ಕಟ್ಟಿದರೆ ಒಂದೂ ಒಡೆಯಲಿಲ್ಲ, ಒಳಗೆ ರಸ ಹಾಗೇ ಉಳಿಯಿತು. ಮೇಲೆ ಟೊಮ್ಯಾಟೋ ಬೆಳ್ಳುಳ್ಳಿಯ ಗೊಜ್ಜು. ಮಗಳು ಮೊದಲನೆಯದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಎಂಟು ತಿಂದಳು. ನನ್ನ ಜನ್ಮ ಸಾರ್ಥಕ ಆಯಿತು ಅಂದುಕೊಂಡೆ.

ಅವತ್ತಿನಿಂದ ವಾರಕ್ಕೆರಡು ಸಲ ಅದೇ ಊಟ. ಕಲಸುವುದು ನಾನು, ಉಂಡೆ ಕಟ್ಟುವುದು ಆಕೆ. ಕೈಗೆ ನೀರು ಹಚ್ಚಿಕೊಂಡು, ನಾಲಿಗೆ ಹೊರಗೆ ಹಾಕಿ, ಎಲ್ಲಾ ಒಂದೇ ಅಳತೆಗೆ ಕಟ್ಟುತ್ತಿದ್ದಳು. ಒಂದು ಸಣ್ಣದಾದರೆ "ಯೇ ಮಮ್ಮಿ ಕಾ" ಅಂತ ಬದಿಗಿಟ್ಟು ನಗುತ್ತಿದ್ದಳು. ಗಲ್ಲಕ್ಕೆ ಬಣ್ಣ ಬಂತು, ರಕ್ತ ಏರಿತು.

ಇನ್ನು ಅಕ್ಕನ ವಿಷಯ. ಅವ್ವ ಹೋದಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನೈದು. ನನ್ನನ್ನು ಬೆಳೆಸಿದವಳು ಆಕೆ. ನನ್ನನ್ನು ಈ ಕಡೆ ಕರೆತಂದು ಕೆಲಸಕ್ಕೆ ಹಚ್ಚಿದ್ದೂ ಆಕೆಯ ಗಂಡ. ಆ ಮಾವ ತೀರಿಕೊಂಡ ಮೇಲೆ ಅಕ್ಕ ಡೊಂಬಿವಲಿಯ ಒಂದು ಖೋಲಿಯಲ್ಲಿ ಒಬ್ಬಳೇ ಇದ್ದು ರೊಟ್ಟಿ ಬಡಿದು ಮಾರುತ್ತಾಳೆ. ಮಾಂಸ ಬಿಟ್ಟು ಹತ್ತು ವರ್ಷ ಆಯಿತು. ಸ್ನಾನ ಮಾಡದೆ ಹಿಟ್ಟು ಮುಟ್ಟುವುದಿಲ್ಲ. ಕಲ್ಯಾಣದಿಂದ ಠಾಣೆಯವರೆಗೆ ನಮ್ಮ ಕಡೆಯವರ ಮನೆಗಳಲ್ಲಿ ಆಕೆಯ ರೊಟ್ಟಿ ಅಂದರೆ ರೊಟ್ಟಿ. ತೆಳುವು, ಗುಂಡಗೆ, ಅಂಚಿನಲ್ಲಿ ಒಂದು ಬಿರುಕಿಲ್ಲ. ಅದೇ ಆಕೆಯ ಸೊಕ್ಕು, ಅದೇ ಆಕೆಯ ಬಾಳು.

ಮಗಳ ಕಾಯಿಲೆ ಗೊತ್ತಾದ ದಿನವೇ ನಾನು ಆಕೆಯನ್ನು ಕರೆದುಕೊಂಡು ಡೊಂಬಿವಲಿಗೆ ಹೋಗಿ ಎಲ್ಲಾ ಬಿಡಿಸಿ ಹೇಳಿದ್ದೆ. "ಅಕ್ಕಾ, ಗೋಧಿ ಅಂದ್ರ ಆಕಿಗೆ ವಿಷ. ನಿನ್ನ ಕೈಯಾಗ ಐತಿ ಆಕಿ ಜೀವ." ಅಕ್ಕ ಅಳುತ್ತಾ ಮಗಳ ತಲೆ ಮೇಲೆ ಕೈಯಿಟ್ಟು ಅಂದಳು: "ಹುಚ್ಚಪ್ಪಾ, ಇದನ್ನ ನನಗ ಹೇಳಬೇಕೇನೋ? ಈ ಕೂಸಿನ ರೊಟ್ಟಿ ಬ್ಯಾರೆ, ಆಕಿ ಡಬ್ಬಿ ಬ್ಯಾರೆ." ಕೆಂಪು ಮುಚ್ಚಳದ ಡಬ್ಬಿಯೊಂದನ್ನು ಅಲ್ಲೇ ಎತ್ತಿಟ್ಟಳು. ಪ್ರತಿ ಭಾನುವಾರ ನಾನು ಠಾಣೆಯಲ್ಲಿ ಲೋಕಲ್ ಬದಲಿಸಿ ಹೋಗಿ ಆ ಡಬ್ಬಿ ತರುತ್ತಿದ್ದೆ, ಗರ್ದಿಯಲ್ಲಿ ಒಂದೂ ಮುರಿಯಬಾರದು ಅಂತ ಎದೆಗೆ ಅವಚಿಕೊಂಡು.

ಮುರಿಯಬಾರದು ಅಂತ ಯಾಕೆ? ಮನೆಗೆ ತಂದು ಮಿಕ್ಸರಿಗೇ ಹಾಕುವವನು ನಾನು. ಆದರೂ ಅಕ್ಕನ ರೊಟ್ಟಿ ಅಂದರೆ ಹಾಗೇ ಹಿಡಿಯಬೇಕು, ಅಭ್ಯಾಸ. ಪುಡಿ ಮಾಡುವ ವಿಷಯ ಆಕೆಗೆ ನಾನು ಹೇಳಿರಲಿಲ್ಲ. ಚಿಕ್ಕವನಿದ್ದಾಗ ರೊಟ್ಟಿಯನ್ನು ಆಟಕ್ಕೆ ಚೂರು ಮಾಡಿದರೆ "ಕೈ ಸುಟ್ಟುಕೊಂಡು ಬಡದೀನೋ, ಅದಕ್ಕೊಂದು ಮರ್ಯಾದಿ ಐತಿ" ಅಂತ ಬೆನ್ನಿಗೆ ಗುದ್ದಿದವಳು. ಈಗ ಮಡಿಯಿಂದ ಬಡಿದ ರೊಟ್ಟಿಯನ್ನು ಪುಡಿ ಮಾಡಿ, ಪರದೇಶದ ಕೋಳಿಯ ಖೀಮಾದಲ್ಲಿ ಕಲಸುತ್ತೇನೆ ಅಂತ ಯಾವ ಬಾಯಲ್ಲಿ ಹೇಳಲಿ? ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ತಮ್ಮಾ, ರೊಟ್ಟಿ ಹ್ಯಾಂಗ ಬಂದಾವು? ಒಡದಿಲ್ಲಲಾ?" ನಾನು ಮಿಕ್ಸರಿನ ಮುಂದೆ ನಿಂತುಕೊಂಡೇ ಹೇಳುತ್ತಿದ್ದೆ: "ಒಂದೂ ಒಡದಿಲ್ಲಕ್ಕಾ. ಗುಂಡಗ ಅದಾವು, ನಿನ್ನ ಕೈ ಅಂದ್ರ ಕೈ." ಆ ಕಡೆ ಆಕೆ ಖುಷಿಯಿಂದ ಉಸಿರು ಬಿಡುವುದು ಕೇಳುತ್ತಿತ್ತು.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಗಳ ಹೊಟ್ಟೆನೋವು ಮತ್ತೆ ಶುರುವಾಯಿತು. ಮೊದಲು ನೀರಿನದು ಅಂದುಕೊಂಡೆವು. ಆಮೇಲೆ ಬಾಯಲ್ಲಿ ಹುಣ್ಣು, ಮತ್ತೆ ಅದೇ ಬಿಳಚು. ರಕ್ತದ ರಿಪೋರ್ಟು ನೋಡಿ ಡಾಕ್ಟರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. ಎಲ್ಲಿಂದಲೋ ಗೋಧಿ ಹೋಗುತ್ತಿದೆ, ಪದೇ ಪದೇ ಹೋಗುತ್ತಿದೆ, ಹೀಗೇ ನಡೆದರೆ ಹುಡುಗಿ ಬೆಳೆಯುವುದೇ ಇಲ್ಲ ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, ಈ ವಯಸ್ಸಿನ ಮಕ್ಕಳು ಹೊರಗೆ ಕದ್ದು ತಿನ್ನುತ್ತಾರೆ, ನಿಗಾ ಇಡಿ ಅಂದರು.

ನನಗೆ ಅಷ್ಟು ಸಾಕಾಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವುದು, ಮಾರ್ಕೆಟ್ಟಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಮನೆಗೆ ಬಂದವನೇ ಆಕೆಯ ಸ್ಕೂಲ್ ಬ್ಯಾಗು ತಲೆಕೆಳಗು ಮಾಡಿದೆ. ಪುಸ್ತಕ, ಕಂಪಾಸ್ ಪೆಟ್ಟಿಗೆ, ಮತ್ತೆ ಬದಿಯ ಜೇಬಿನಿಂದ ಕ್ರೀಂ ಬಿಸ್ಕತ್ತಿನ ಖಾಲಿ ಕಾಗದ. ನೆಲದ ಮೇಲೆ ಅದು ಹೊಳೆಯುತ್ತಾ ಬಿತ್ತು.

"ಇದೇನು?"

"ಮೇರಾ ನಹೀ ಹೈ ಪಪ್ಪಾ." ಗೆಳತಿ ತಿಂದದ್ದಂತೆ. ಬಸ್ಸಿನಲ್ಲಿ ಕಸ ಹಾಕಬಾರದು ಅಂತ ತನ್ನ ಬ್ಯಾಗಿಗೆ ತುರುಕಿದ್ದಳಂತೆ. "ಸಚ್ಚಿ, ಪಪ್ಪಾ. ಮೈನೇ ಛುವಾ ಭೀ ನಹೀ." ತಾನು ಮುಟ್ಟಿಯೂ ಇಲ್ಲ ಅಂತ.

"ಸುಳ್ಳ ಬೊಗಳಬ್ಯಾಡ!" ಅಂತ ಕೂಗಿದೆ. ಪಕ್ಕದ ಮನೆಯ ಟಿವಿ ಸದ್ದು ನಿಂತಿತು. ಅಷ್ಟು ಜೋರಾಗಿ. ನಸುಕಿನಲ್ಲಿ ಎದ್ದು ದುಡಿದು, ಸಂಜೆ ಎಲ್ಲಾ ಒಲೆ ಮುಂದೆ ನಿಂತು, ಸಿಕ್ಕದ ಕೋಳಿ ಹುಡುಕಿ ತಂದು ಮಾಡಿ ಹಾಕಿದರೆ ನನ್ನ ಬೆನ್ನಿಗೇ ಚೂರಿ ಹಾಕುತ್ತೀಯಾ ಅಂದೆ. ಹೊಟ್ಟೆಯಲ್ಲಿ ಹುಟ್ಟಿದವರೇ ಹೀಗೆ ಮಾಡಿದರೆ ಇನ್ನು ಯಾರನ್ನು ನಂಬಲಿ ಅಂದೆ. ಅಂದದ್ದೆಲ್ಲ ನನಗೆ ಈಗಲೂ ನೆನಪಿದೆ. ಮರೆತರೆ ಒಳ್ಳೆಯದಿತ್ತು.

ಹೆಂಡತಿ ಬಂದ ಮೇಲೆ ಹೇಳಿದಳು: "ರೀ, ಒಂದು ಸಲ ಹುಡುಗಿ ಮಾತು ಕೇಳ್ರಿ. ಅಡಿಗೀ ಮನ್ಯಾಗಿನ ಎಲ್ಲಾ ಮೊದಲಿಂದ ನೋಡೂಣು." ನೋಡಿದೆವು. ಮಸಾಲೆ, ಉಪ್ಪಿನಕಾಯಿ, ಮಾತ್ರೆಯ ಬಾಟಲಿ ಕೂಡ. ಏನೂ ಸಿಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಅಂದಳು: "ಅತ್ಯಾ ಕಾ ರೋಟಿ ಭೀ ಚೆಕ್ ಕರೋ ನಾ." ಅತ್ಯಾ ಅಂದರೆ ನನ್ನ ಅಕ್ಕ.

ಆಗ ನಾನು ಕೈ ಎತ್ತಿದೆ. ಹೊಡೆಯಲಿಲ್ಲ, ಹೆಂಡತಿ ನಡುವೆ ಬಂದಳು. ಆದರೆ ಎತ್ತಿದೆ. "ನನ್ನ ಅಕ್ಕನ ಮ್ಯಾಲ ಬೊಟ್ಟು ಮಾಡಿ ತೋರಿಸ್ತೀಯೇನ? ಆಕಿ ನಿನ್ನ ತಲಿ ಮ್ಯಾಲ ಕೈ ಇಟ್ಟಾಳ!" ಮಗಳು ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನದಿಂದ ನಾನೊಂದು ಕಾಯಿದೆ ಮಾಡಿದೆ. ಸಂಜೆ ಏಳಕ್ಕೆ ಟ್ಯೂಶನ್ ಮುಗಿಸಿ ಬಂದವಳು ಹೊಸ್ತಿಲಲ್ಲೇ ನಿಲ್ಲಬೇಕು, ಬ್ಯಾಗು ಕೊಡಬೇಕು, ಎರಡೂ ಕೈ ಚಾಚಬೇಕು. ನಾನು ಅಂಗೈ ಮೂಸಿ ನೋಡುತ್ತಿದ್ದೆ, ಬಿಸ್ಕತ್ತಿನ ವಾಸನೆ ಇದೆಯೋ, ವಡಾಪಾವಿನದೋ ಅಂತ. ಪೆನ್ಸಿಲಿನ ವಾಸನೆ ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ಇಲ್ಲದ್ದಕ್ಕೆ ನನಗೆ ಇನ್ನೂ ಸಿಟ್ಟು, ತೊಳೆದುಕೊಂಡು ಬರುತ್ತಾಳೆ ಅಂತ. ಮೇಲಿನ ಮಹಡಿಯವರು ಇಳಿಯುತ್ತಾ ನೋಡುತ್ತಿದ್ದರು. ಆಕೆ ತಲೆ ತಗ್ಗಿಸಿ, ಕೈ ಚಾಚಿ ನಿಂತಿರುತ್ತಿದ್ದಳು.

ಹೊರಗಿನ ಚಟ ಬಿಡಲಿ, ಮನೆಯ ಶುದ್ಧ ಊಟವೇ ಹೊಟ್ಟೆ ತುಂಬಲಿ ಅಂತ ಟರ್ಕಿ ಉಂಡೆಯನ್ನು ವಾರಕ್ಕೆ ನಾಲ್ಕು ಸಲ ಮಾಡತೊಡಗಿದೆ. ಅದೊಂದು ಮಾತ್ರ ನೂರಕ್ಕೆ ನೂರು ಶುದ್ಧ ಅಂತ ನನಗೆ ಖಾತ್ರಿ. ಮಗಳು ಉಂಡೆ ಕಟ್ಟಲು ಬರುವುದನ್ನು ಬಿಟ್ಟಳು. ನಾಲ್ಕು ತಿಂದು ತಾಟು ಸರಿಸಿದರೆ ನಾನು ಮತ್ತೆರಡು ಹಾಕುತ್ತಿದ್ದೆ. "ಪೇಟ್ ಮೇ ದುಖ್ತಾ ಹೈ" ಅಂದರೆ, "ಹೊರಗ ತಿಂದಿದ್ದು ನೋಯಿಸ್ತೈತಿ, ಇದಲ್ಲ" ಅನ್ನುತ್ತಿದ್ದೆ. ನನ್ನ ಮುಂದೆ ಕೂತು ಅವನ್ನೂ ನುಂಗುತ್ತಿದ್ದಳು.

ಕಳೆದ ತಿಂಗಳು ಒಂದು ಬುಧವಾರ ಹಮಾಲರ ಮುಷ್ಕರ ಅಂತ ಮಾರ್ಕೆಟ್ ಬಂದ್ ಆಯಿತು. ಮನೆಯಲ್ಲಿ ರೊಟ್ಟಿ ಪುಡಿ ಮುಗಿದಿತ್ತು. ಭಾನುವಾರದವರೆಗೆ ಯಾಕೆ ಕಾಯುವುದು, ಹೋಗಿ ಬರೋಣ ಅಂತ ಹೇಳದೆ ಕೇಳದೆ ಡೊಂಬಿವಲಿಗೆ ಹೋದೆ.

ಬಾಗಿಲು ತೆರೆದೇ ಇತ್ತು. ಅಕ್ಕ ಒಲೆಯ ಮುಂದೆ ನನಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಕೆಂಪು ಮುಚ್ಚಳದ ಡಬ್ಬಿ. ಹಿಟ್ಟು ನಾದುವ ಕೊಣಮಿಗೆಯಲ್ಲಿ ಜೋಳದ್ದನ್ನು ಹರವಿ ಬಿಸಿ ಎಸರು ಹಾಕಿದಳು. ಆಮೇಲೆ ಗೋಡೆ ಬದಿಯ ಸಣ್ಣ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಬೇರೆ ಹಿಟ್ಟು ತೆಗೆದು ಅದರ ಮೇಲೆ ಉದುರಿಸಿದಳು. ತಿಳಿಗಂದು ಛಾಯೆಯ ನುಣ್ಣನೆ ಹಿಟ್ಟು. ಚಪಾತಿ ತಿನ್ನುವ ಊರಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಅದು ಏನು ಅಂತ ಯಾರೂ ಹೇಳಬೇಕಾಗಿಲ್ಲ.

"ಅಕ್ಕಾ, ಅದೇನು ಹಾಕಿದಿ?"

ಬೆಚ್ಚಿ ತಿರುಗಿದಳು. "ಅಯ್ಯ, ಎದಿ ಒಡಸಿದೆಲ್ಲೋ! ಇವತ್ತ್ಯಾಕ ಬಂದಿ?"

"ಏನು ಹಾಕಿದಿ ಅಂತ ಕೇಳಾಕತ್ತೀನಿ."

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿದಳು. "ಗೋಧಿ ಹಿಟ್ಟು. ಒಂದಽ ಹಿಡಿ ಅಷ್ಟ. ಮಳಿ ಹಿಡದ ಮ್ಯಾಲ ಜೋಳ ಹಳೇದಾತು, ಜಿಗಿನಽ ಉಳದಿಲ್ಲ. ಎಸರ ಹಾಕಿ ನಾದಿದ್ರೂ ಬಡಿಯಾಕ ಹೋದ್ರ ಅಂಚೆಲ್ಲಾ ಸೀಳ್ತಾವು."

"ಆಕಿ ಡಬ್ಬಿಗೂ ಹಾಕಿದಿ? ಆಕಿಗೆ ವಿಷ ಅಂತ ಹೇಳಿದ್ನಿಲ್ಲ?"

"ಒಂದ ಹಿಡಿಯಿಂದ ಏನಾಗ್ತೈತೋ? ಊರಾಗ ನಾವೆಲ್ಲಾ ತಿಂದು ಬೆಳದಿಲ್ಲೇನು? ಡಾಕ್ಟರ ಮಂದಿ ಅಂತಾರ, ಹಂಗಂತ..." ನನ್ನ ಮುಖ ನೋಡಿ ಮಾತು ನುಂಗಿದಳು. ಆಮೇಲೆ ದನಿ ಇಳಿಸಿ ಅಂದಳು: "ತಮ್ಮನ ಮನಿಗೆ ಒಡಕ ರೊಟ್ಟಿ ಹ್ಯಾಂಗ ಕಳಸ್ಲೋ? ನಿನ್ನ ಹೇಣ್ತಿ ನೋಡಿ ಏನಂದಾಳು? ನೀನಽ ಅಲ್ಲೇನು ಪ್ರತಿ ವಾರ ಫೋನಿನಾಗ ಗುಂಡಗ ಅದಾವು, ಒಂದೂ ಒಡದಿಲ್ಲ ಅಂತಿದ್ದಾಂವ?"

ಹೊಸ್ತಿಲ ಮೇಲೆ ಕೂತೆ. ಎಂಥಾ ಮಾತು ಬಾಯಿಗೆ ಬಂದಿತ್ತು, ಒಂದೂ ಆಡಲಿಲ್ಲ. ಆಡಿದ್ದು ಇಷ್ಟೇ: "ಅಕ್ಕಾ, ನಾ ಅವನ್ನ ಪುಡಿ ಮಾಡ್ತೀನಿ. ಮಿಕ್ಸರಿಗೆ ಹಾಕಿ. ಕೋಳಿ ಖೀಮಾದಾಗ ಕಲಸಾಕ."

"ಪುಡಿ?"

"ಹ್ಞೂಂ."

"ಯಾವಾಗಿಂದ?"

"ಎರಡು ವರ್ಷ ಆಗಾಕ ಬಂತು. ಆವಾಗಿಂದ ಒಂದು ದಿನಾನೂ ಇಡೀ ರೊಟ್ಟಿ ತಿಂದಿಲ್ಲ ಆಕಿ."

ಅಕ್ಕ ಕೊಣಮಿಗೆಯನ್ನು ಬದಿಗೆ ಸರಿಸಿದಳು. ಹಿಟ್ಟಿನಿಂದ ಹಬೆ ಏಳುತ್ತಿತ್ತು. "ಹೇಳಬಾರದಾಗಿತ್ತೇನೋ," ಅಂದಳು. "ಹೇಳಿದ್ರ ನಾ ಒಡಕ ರೊಟ್ಟೀನಽ ಕೊಡ್ತಿದ್ನೆಲ್ಲೋ. ಬರೇ ಹಿಟ್ಟು ಹುರದು ಕೊಡ್ತಿದ್ದೆ. ಗುಂಡಗ ಮಾಡ್ಲಿಕ್ಕೇ ಅಲ್ಲೇನೋ ನಾ ಅದನ್ನ ಹಾಕಿದ್ದು."

ಎದ್ದೆ. ಡಬ್ಬಿ ಮುಟ್ಟಲಿಲ್ಲ. ಹಿಂದಿನಿಂದ ಆಕೆ "ತಮ್ಮಾ, ಒಂದೀಟು ಚಾ ಆದ್ರೂ ಕುಡದು ಹೋಗೋ" ಅಂದದ್ದು ಮೆಟ್ಟಿಲ ತನಕ ಕೇಳಿಸಿತು. ತಿರುಗಲಿಲ್ಲ. ನನ್ನನ್ನು ಸಾಕಿದ ಕೈ ಅದು, ಜ್ವರ ಬಂದಾಗ ಹಣೆ ಮೇಲೆ ಬಟ್ಟೆ ಇಟ್ಟ ಕೈ. ಅದೇ ಕೈ ಮಗಳ ತಲೆ ಮೇಲೂ ಇತ್ತು, ಗೋಧಿ ಡಬ್ಬಿಯೊಳಗೂ ಇತ್ತು. ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಫೋನ್ ಬಂದರೆ ಹೆಂಡತಿ ಎತ್ತುತ್ತಾಳೆ.

ಆದರೆ ಲೋಕಲಿನಲ್ಲಿ ನಿಂತು ಬರುವಾಗ ಸಿಟ್ಟು ಒಂದೇ ಕಡೆ ನಿಲ್ಲಲಿಲ್ಲ. ಅಕ್ಕನ ಒಂದು ಹಿಡಿ ಹಿಟ್ಟನ್ನು ಮಗಳ ಹೊಟ್ಟೆಗೆ ಮುಟ್ಟಿಸಿದವನು ಯಾರು? ನೋಯುತ್ತದೆ ಅಂದಾಗ ಇನ್ನೆರಡು ಹಾಕಿದವನು ಯಾರು? ಠಾಣೆಯಲ್ಲಿ ಇಳಿಯುವುದನ್ನೇ ಮರೆತು ಮುಂದಿನ ಸ್ಟೇಷನ್ನಿಗೆ ಹೋಗಿ ತಿರುಗಿ ಬಂದೆ.

ಮನೆಗೆ ಬಂದು ಮಿಕ್ಸರಿನ ಜಾರು, ಪಡ್ಡಿನ ಹಂಚು, ಡಬ್ಬಿ ಎಲ್ಲಾ ಬಿಸಿನೀರಿನಲ್ಲಿ ಮೂರು ಸಲ ತಿಕ್ಕಿದೆ. ಫ್ರಿಜ್ಜಿನಲ್ಲಿ ಟರ್ಕಿ ಖೀಮಾ ಇತ್ತು. ರೊಟ್ಟಿ ಪುಡಿಯ ಬದಲು ಬೆಳಗಿನ ಅನ್ನವನ್ನು ಮಿದ್ದು ಕಲಸಿದೆ. ಉಂಡೆ ಸೊಟ್ಟಪಟ್ಟ ಆದವು, ನಾಲ್ಕು ಒಡೆದವು. ಒಡೆಯಲಿ. ಹಂಚಿನ ಮೇಲೆ ಮುಚ್ಚಿಟ್ಟು ಬಾಗಿಲು ತೆರೆದು ಕಾದೆ.

ಏಳು ಗಂಟೆಗೆ ಮಗಳು ಬಂದಳು. ಹೊಸ್ತಿಲಲ್ಲಿ ನಿಂತಳು. ಬ್ಯಾಗು ಇಳಿಸಿ ನನ್ನ ಕಡೆ ನೂಕಿ, ನನ್ನ ಮುಖ ನೋಡದೆ, ಎರಡೂ ಕೈ ಮುಂದೆ ಚಾಚಿದಳು.

"ಬ್ಯಾಡವ್ವಾ," ಅಂದೆ. "ಕೈ ಕೆಳಗ ಮಾಡು."

ಮಾಡಲಿಲ್ಲ. ಹಾಗೇ ನಿಂತಿದ್ದಳು. ಅಲ್ಲೇ ಹೊಸ್ತಿಲ ಈ ಕಡೆ ನಿಂತು ಎಲ್ಲಾ ಹೇಳಿದೆ, ಅತ್ತೆ ಹಿಟ್ಟು ಹಾಕಿದ್ದು, ನಾನು ಕಣ್ಣಾರೆ ನೋಡಿದ್ದು, ರೊಟ್ಟಿಯಲ್ಲೇ ಗೋಧಿ ಇದ್ದದ್ದು. ನಿನ್ನದೇನೂ ತಪ್ಪಿರಲಿಲ್ಲ, ನೀನು ಹೇಳಿದ್ದೇ ಖರೆ ಇತ್ತು ಅಂದೆ. ಆಕೆ ಅಳುತ್ತಾಳೆ, ಇಲ್ಲವೇ ಕೂಗುತ್ತಾಳೆ ಅಂದುಕೊಂಡಿದ್ದೆ.

ಎರಡೂ ಮಾಡಲಿಲ್ಲ. ಚಾಚಿದ ಕೈಗಳನ್ನು ಒಮ್ಮೆ ತಾನೇ ನೋಡಿಕೊಂಡಳು. ಆಮೇಲೆ ಕೇಳಿದಳು: "ಅತ್ಯಾ ಕಾ ಹಾಥ್ ಭೀ ಸೂಂಘಾ ಕ್ಯಾ, ಪಪ್ಪಾ?"

ಅತ್ತೆಯ ಕೈಯನ್ನೂ ಮೂಸಿ ನೋಡಿದಿರಾ ಅಂತ.

ಇಲ್ಲ ಅಂದೆ. ಆಕೆ ಬ್ಯಾಗು ಎತ್ತಿಕೊಂಡು ನನ್ನ ಪಕ್ಕದಿಂದ ಒಳಗೆ ಹೋದಳು. ಹಂಚಿನಲ್ಲಿ ಉಂಡೆ ಸೀಯುತ್ತಿದ್ದವು.